ಕಾರಿನ ನೀಲಿ ಹೊಗೆ, ಅವ್ವನ ಉಬ್ಬಸ

ಕೆ.ಆರ್. ಪೇಟೆ ದಾಟುವ ತನಕ ನನ್ನ ಕಣ್ಣೆಲ್ಲ ಪಕ್ಕದಲ್ಲಿದ್ದ ಅವ್ವನ ಮೇಲಿತ್ತು. ಆಮೇಲೆ ಕನ್ನಡಿಯಲ್ಲಿ ಹೊಗೆ ಕಂಡಿತು. ಕಿಕ್ಕೇರಿಯಿಂದ ಹೊರಡುವಾಗಲೇ ಅವ್ವನಿಗೆ ಉಬ್ಬಸ ಜೋರಾಗಿತ್ತು. ತಡಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು.

ಹಳೇ ಕಾರು. ಹಿಂದಿನ ದಿನವಷ್ಟೇ ನಾನೇ ಆಯಿಲ್ ಬದಲಿಸಿದ್ದೆ. ಹೊಗೆ ಬಿಳಿಯಲ್ಲ, ನೀಲಿ. ನೀಲಿ ಎಂದರೆ ಎಂಜಿನ್ನು ಆಯಿಲ್ ಸುಡುತ್ತಿದೆ, ಪಿಸ್ಟನ್ನಿನ ರಿಂಗು ಸವೆದುಹೋಗಿದೆ, ಇನ್ನೇನು ನಡುದಾರಿಯಲ್ಲಿ ಜಾಮ್ ಆಗುತ್ತದೆ ಎಂದುಕೊಂಡೆ. ಗಾಜು ಇಳಿಸಿದರೆ ಸುಟ್ಟ ವಾಸನೆ, ಏರಿಸಿದರೆ ಅವ್ವನಿಗೆ ಗಾಳಿಯಿಲ್ಲ. ಹೆದರಿದರೆ ನನಗೆ ಬರುವುದು ಸಿಟ್ಟು. ಕಾರಿಗೆ ಬೈದೆ, ಎದುರು ಬಂದ ಟ್ರಾಕ್ಟರಿಗೆ ಬೈದೆ, ಆಯಿಲ್ ಮಾರಿದವನ ವಂಶಕ್ಕೆಲ್ಲ ಬೈದೆ. ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಅದನ್ನು ನೋಡಿ ಇನ್ನೂ ಜೀವ ಹೋದಂತಾಯಿತು.

ಪಾಂಡವಪುರದಲ್ಲಿ ಗ್ಯಾರೇಜು ಕಂಡು ನಿಲ್ಲಿಸಿದೆ. ಬೇರೆ ಗಾಡಿಯಾದರೂ ಮಾಡಿಸಿಕೊಡು ಎಂದು ಮೆಕ್ಯಾನಿಕ್ಕಿನ ಕೈ ಹಿಡಿದುಕೊಂಡೆ. ಅವನು ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಒರೆಸಿ ಅದ್ದಿ ತೆಗೆದ.

“ರಿಂಗೂ ಓಗಿಲ್ಲ, ಏನೂ ಓಗಿಲ್ಲ ಕಣಣ್ಣ. ಗೆರೆ ಮೀರಿ ಆಯಿಲ್ ಉಯ್ದವ್ರೆ. ಇಳಿಸ್ಬುಟ್ರೆ ಸರಿಯಾಯ್ತದೆ. ಅತ್ತು ನಿಮಿಷ.”

“ಗೆರೆ ನೋಡೇ ಉಯ್ದಿವ್ನಿ ಕಣಯ್ಯ!” ಎಂದು ಅವನ ಮೇಲೂ ಹಾರಿದೆ.

ಅವನು ಕಾರಿನಡಿ ನುಸುಳಿ, ತಳದ ಬೋಲ್ಟು ಸಡಿಲಿಸಿ, ಹೆಚ್ಚಾಗಿದ್ದ ಬಿಸಿ ಆಯಿಲನ್ನು ಬಾಣಲಿಗೆ ಇಳಿಸಿದ. ಮತ್ತೆ ಸ್ಟಾರ್ಟ್ ಮಾಡಿದಾಗ ಹೊಗೆ ಬರಬರುತ್ತಾ ತೆಳ್ಳಗಾಯಿತು.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಅವ್ವ ಬಾಯಿಬಿಟ್ಟಳು. “ನಾನೇ ಕಣ್ಲಾ. ನೆನ್ನೆ ನೀನು ಕೈ ತೊಳಿಯಾಕ್ ಓಗಿದ್ದಾಗ ಡಬ್ಬದಲ್ಲಿ ಮಿಕ್ಕಿದ್ದ ಆಯಿಲ್ನ... ಕೊಸರಿಗಿರ್ಲಿ ಅಂತ ಉಯ್ದ್ಬುಟ್ಟೆ.”

ಹಾಲು ಅಳೆದ ಮೇಲೆ ಕೊಸರು ಎಂದು ಒಂದಿಷ್ಟು ಹೆಚ್ಚಿಗೆ ಹಾಕದೆ ಅವ್ವನ ಕೈ ಎಂದೂ ಹಿಂದೆ ಬಂದದ್ದಿಲ್ಲ.

“ಒಗೆ ಕಂಡಾಗ್ಲೇ ಯೋಳಾಕ್ ಏನಾಗಿತ್ತವ್ವ?”

“ಬೈತೀಯಲ್ಲ ಅಂತ ಸುಮ್ಕಿದ್ದೆ.”

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಅವ್ವನ ಉಸಿರನ್ನು ಹತೋಟಿಗೆ ತಂದರು. ದಾರಿಯುದ್ದಕ್ಕೂ ನಾನು ಅವ್ವ ಹೋಗಿಬಿಡುತ್ತಾಳೆಂದು ಹೆದರಿದ್ದೆ. ಉಸಿರಿಗಾಗಿ ಒದ್ದಾಡುತ್ತಿದ್ದ ಅವ್ವ ಆ ಹೊತ್ತಿನಲ್ಲೂ ಹೆದರಿದ್ದು ನನಗೆ. ನರ್ಸು ಬಂದು ಒಳಗೆ ಹೋಗಬಹುದು ಎಂದರೂ ಬೆಂಚಿನಿಂದ ಏಳಲು ನನಗೆ ಮುಖವಿರಲಿಲ್ಲ.