ಎಲುಬಿಲ್ಲದ ನಾಲಿಗೆ

ಅಂಚೆ ಕಚೇರಿಯ ಗುಮಾಸ್ತರಿಗೆ ಐವತ್ತೊಂದನೇ ವಯಸ್ಸಿನಲ್ಲಿ ಇಂಗ್ಲಿಷ್ ಉಚ್ಚಾರಣೆಯ ಹುಚ್ಚು ಹಿಡಿದಿದೆ. ಫೋನಿನೊಳಗಿನ ಮೇಷ್ಟ್ರು ಹೇಳಿಕೊಟ್ಟಂತೆ ಬಾಯಿಯೆದುರು ಖಾಲಿ ಫಾರಂ ಹಿಡಿದು, ಹಲ್ಲಿಗೆ ಕೆಳತುಟಿ ತಾಗಿಸಿ "ಫ" ಎಂದು ಉಸಿರು ಬಿಡುತ್ತಾರೆ. ಕಾಗದ ಅಲುಗಾಡಿದರೆ ಪಾಸು. ಇಲ್ಲದಿದ್ದರೆ ಸರದಿಯಲ್ಲಿ ನಿಂತವರು ಇನ್ನಷ್ಟು ಹೊತ್ತು ಕಾಯಬೇಕು. ಪದಕ್ಕೊಂದರಂತೆ ಠಸ್ಸೆ ಒತ್ತುವುದರಿಂದ, ಕಷ್ಟದ ಪದ ಬಂದ ದಿನ ಇಡೀ ಊರಿನ ಟಪಾಲೇ ತಡ. ಇನ್ನೊಂದು ಪಾಠಕ್ಕೆಂದು ಮನೆಯಲ್ಲೂ ನಾಲಿಗೆ ಚಾಚಿಕೊಂಡೇ ಓಡಾಡುವ ಅವರಿಗೆ ಹೆಂಡತಿ, "ರೀ, ಅದನ್ನ ಒಳಗಿಟ್ಟು ಊಟಕ್ಕೆ ಬನ್ನಿ" ಎನ್ನುತ್ತಾರೆ. ಪಕ್ಕದ ಕೌಂಟರಿನವನು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಸಾರ್?" ಎಂದು ಕೆಣಕಿದರೆ, "ಮರದ ಕಥೆ ಬೇರೆ ಕಣಯ್ಯ, ನಾಲಿಗೆಗೆ ಎಲುಬೇ ಇಲ್ವಲ್ಲ" ಎಂದು ಮತ್ತೆ ಫಾರಂ ಎತ್ತುತ್ತಾರೆ. ಪಾಠ ಯಾವುದೇ ಇರಲಿ, ಕೊನೆಯಲ್ಲಿ ಹೇಳಿಕೊಳ್ಳುವ ವಾಕ್ಯ ಮಾತ್ರ ಒಂದೇ. ಹೋದ ವರ್ಷ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಟೀಚರು ಇಂಗ್ಲಿಷಿನಲ್ಲಿ, ನೀವು ಯಾರು ಎಂದು ಇವರನ್ನು ಕೇಳಿದ್ದರು. ಇವರು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಅವಸರದಿಂದ, "ಪಕ್ಕದ ಮನೆ ಅಂಕಲ್, ಮಿಸ್" ಎಂದುಬಿಟ್ಟಿದ್ದಳು; ಇವರೂ ಹೌದೆಂದು ತಲೆಯಾಡಿಸಿದ್ದರು. ಈ ವರ್ಷದ ಸಭೆ ಬರುವ ಶನಿವಾರ. ಗುಮಾಸ್ತರು ಫಾರಂ ಎದುರಿಗೆ ಹಿಡಿದು, "ಐ ಆಮ್ ಹರ್ ಫಾದರ್" ಎನ್ನುತ್ತಾರೆ. ಈಗೀಗ "ಫಾ" ಬರುವ ಮೊದಲೇ ಕಾಗದ ನಡುಗುತ್ತಿರುತ್ತದೆ.