ಬಾಗಿಲು ಹಾಕಿದರೆ ನಿಲ್ಲುತ್ತಿದ್ದ ಹಾಡು

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ. ಹೋದ ವಾರ ಮಲಾಡಿನ ನನ್ನ ಅಂಗಡಿಗೆ ಬಂದ ಹಳೆಯ ಕಾರೊಂದರ ಬಾಗಿಲು ತೆಗೆದಾಗ ಅದು ಮುಖಕ್ಕೆ ಹೊಡೆಯಿತು. ಗಿರಾಕಿ ತಮ್ಮ ಆ್ಯಂಪ್ಲಿಫೈಯರಿನ ದೂರು ಹೇಳುತ್ತಲೇ ಇದ್ದರು. ನನಗೆ ಅರ್ಧ ಮಾತೂ ಕೇಳಿಸಲಿಲ್ಲ... ನಾನು ಕಾಂದಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿದ್ದೆ, ಎರಡನೇ ಮಹಡಿಯ ಅಕ್ಕನ ಕಾರಿನ ಪಕ್ಕದಲ್ಲಿ.

ಅಕ್ಕ ಮೈಸೂರು ಕಡೆಯವರು. ಅವರ ಯಜಮಾನರಿಗೆ ಹಾಡಿನ ಹುಚ್ಚು. ಕಾರು ಕೊಂಡ ವರ್ಷವೇ ಸೀಟಿನಡಿ ಆ್ಯಂಪ್ಲಿಫೈಯರು, ಬಾಗಿಲುಗಳಲ್ಲಿ ದೊಡ್ಡ ಸ್ಪೀಕರು ಹಾಕಿಸಿದ್ದರು. ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗಡೆಯೆಲ್ಲ ಹೋಯಿತು. ಇದ್ದದ್ದು ಒಂದು ರೂಮು, ಒಂದು ಅಡುಗೆಮನೆ. ಅದರಲ್ಲಿ ಅವರ ಮಂಚ, ಆ ಮಂಚದ ಸುತ್ತ ಅಕ್ಕ. ಸಂಜೆ ಐದಕ್ಕೆ ಕೆಲಸದ ಹೆಂಗಸು ಬಂದು ಒಂದು ಗಂಟೆ ಅವರನ್ನು ನೋಡಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಅಕ್ಕ ಕೆಳಗಿಳಿದು ಕಾರಿನಲ್ಲಿ ಕೂರುತ್ತಿದ್ದರು. ಓಡಿಸಲು ಬಾರದು; ಬ್ಯಾಟರಿ ಇಳಿಯದಿರಲೆಂದು ವಾಚ್‌ಮನ್ ಆಗಾಗ ಎಂಜಿನ್ ಚಾಲೂ ಮಾಡಿಡುತ್ತಿದ್ದ. ಕಾಂಪೌಂಡ್ ಗೋಡೆಗೆ ಮೂತಿಯಿಟ್ಟು ನಿಂತ ಕಾರಿನಲ್ಲಿ, ಗ್ಲಾಸು ಏರಿಸಿ, ಜೋರಾಗಿ ಹಾಡು ಹಾಕಿಕೊಂಡು... ಗಂಡ ಹಾಗೆ ಬಿದ್ದಿರುವಾಗ ಇವರಿಗೆ ಹಾಡು ಬೇಕಂತೆ ಎಂದು ಬಿಲ್ಡಿಂಗಿನವರು ಆಡಿಕೊಂಡರು. ನಾನೂ ನಕ್ಕವನೇ.

ನಾನಾಗ ಕಾರಿನ ಸ್ಪೀಕರು ಕೂರಿಸುವ ಕೆಲಸದಲ್ಲಿದ್ದೆ. ಒಂದು ದಿನ ಅಕ್ಕ ನಮ್ಮ ಬಾಗಿಲಿಗೆ ಬಂದರು. "ತಮ್ಮಾ, ಕಾರಲ್ಲಿ ಹಾಡು ಇದ್ದಕ್ಕಿದ್ದ ಹಾಗೆ ನಿಂತೋಗುತ್ತೆ. ಆಮೇಲೆ ತಾನೇ ಬರುತ್ತೆ. ಸ್ವಲ್ಪ ನೋಡ್ತೀಯಾ?"

ಭಾನುವಾರ ನಾಲ್ಕೂ ಬಾಗಿಲು ತೆರೆದಿಟ್ಟು ನೋಡಿದೆ. ಫ್ಯೂಸು ಸರಿಯಿತ್ತು, ಬ್ಯಾಟರಿಯ ವೈರು ಬಿಗಿಯಾಗಿತ್ತು. ಅರ್ಥಿಂಗ್ ವೈರಿನ ನಟ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಉಜ್ಜಿ ತೆಗೆದು ಬಿಗಿದೆ. ಅರ್ಧ ಗಂಟೆ ಹಾಡಿತು, ಒಮ್ಮೆಯೂ ನಿಲ್ಲಲಿಲ್ಲ. ಮರುದಿನ ಮತ್ತೆ ಅದೇ ದೂರು. ಇನ್ನೊಂದು ಭಾನುವಾರವೂ ಹೀಗೇ ಆಯಿತು.

"ನೀನು ನೋಡುವಾಗ ಚೆನ್ನಾಗೇ ಇರುತ್ತೆ ಕಣಪ್ಪಾ," ಎಂದರು. "ನಾನು ಕೂತ್ರೆ ನಿಲ್ಲುತ್ತೆ."

"ಹಾಗಾದ್ರೆ ನೀವು ದಿನಾ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳ್ಳಿ ಅಕ್ಕಾ. ನಾನು ಹಿಂದಿನ ಸೀಟಲ್ಲಿ ಇರ್ತೀನಿ."

ಬೇಡವೆನ್ನುವಂತೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮುಂದೆ ಕೂತು ಬಾಗಿಲು ಹಾಕಿ, ಗ್ಲಾಸು ಏರಿಸಿ, ಹಾಡು ಜೋರು ಮಾಡಿದರು. ಮೇ ತಿಂಗಳ ಸೆಕೆ. ಎರಡು ನಿಮಿಷದಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತು, ಉಸಿರು ಕಟ್ಟಿದಂತಾಯಿತು. ಎದುರಿಗೆ ಗೋಡೆ, ಹಿಂದೆ ಅಡ್ಡ ನಿಲ್ಲಿಸಿದ ಬೇರೆಯವರ ಕಾರು. ಬಗ್ಗಿ ಸೀಟಿನಡಿಯ ಆ್ಯಂಪ್ಲಿಫೈಯರಿನ ದೀಪವನ್ನೇ ನೋಡುತ್ತಿದ್ದೆ. ಹಸಿರಿದ್ದದ್ದು ಕೆಂಪಾಯಿತು. ಹಾಡು ನಿಂತಿತು.

"...ಸಾಕು! ನಂಗೆ ಸಾಕಾಗಿದೆ!"

ಅಕ್ಕ ಕೂಗುತ್ತಿದ್ದರು. ಗಂಟಲು ಹರಿಯುವ ಹಾಗೆ. ನಾನಿರುವುದನ್ನು ಮರೆತಿದ್ದರೋ, ತಡೆಯಲಾಗಲಿಲ್ಲವೋ... ಕನ್ನಡಿಯಲ್ಲಿ ನನ್ನನ್ನು ನೋಡಿ ಸೆರಗಿನಿಂದ ಬಾಯಿ ಒತ್ತಿಕೊಂಡರು. ಮೆಲ್ಲಗೆ ಹೇಳಿದರು. "ಮನೇಲಿ ಕೂಗೋ ಹಾಗಿಲ್ಲ ತಮ್ಮಾ. ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ."

ನಾನು ವೈರು ಹುಡುಕತೊಡಗಿದೆ. ದೋಷ ಬಾಗಿಲ ಕೀಲಿನ ಹತ್ತಿರ ಸಿಕ್ಕಿತು. ಸ್ಪೀಕರಿನ ವೈರು ಅಲ್ಲಿ ಸವೆದಿತ್ತು. ಬಾಗಿಲು ಹಾಕಿದಾಗ ಮಡಚಿಕೊಂಡು, ಹಾಡಿನ ಅದುರುವಿಕೆಗೆ ಕಬ್ಬಿಣಕ್ಕೆ ತಾಗುತ್ತಿತ್ತು. ತಾಗಿದ ಕೂಡಲೇ ಆ್ಯಂಪ್ಲಿಫೈಯರು ತನ್ನನ್ನು ಉಳಿಸಿಕೊಳ್ಳಲು ಆರಿಬಿಡುತ್ತಿತ್ತು. ಹೊಸ ವೈರು ಎಳೆದು ರಬ್ಬರಿನ ಕೊಳವೆ ಹಾಕಿದೆ.

"ಇನ್ನು ನಿಲ್ಲಲ್ಲ ಅಕ್ಕಾ."

ತಲೆಯಾಡಿಸಿದರು. ನಾನು ಸಾಮಾನು ಚೀಲಕ್ಕೆ ತುಂಬುವಾಗ ಕೇಳಿದರು. "ಕಾರಲ್ಲಿ ಹೋದ್ರೆ ಇಲ್ಲಿಂದ ಸಮುದ್ರ ಎಷ್ಟು ದೂರ?"

"ಮಾರ್ವೆ ಬೀಚ್ ಅಲ್ವಾ? ಟ್ರಾಫಿಕ್ ಇಲ್ದಿದ್ರೆ ಅರ್ಧ ಗಂಟೆ."

"ಅಷ್ಟೇನಾ," ಎಂದರು.

ನಾನು ಮೆಟ್ಟಿಲು ಹತ್ತಿ ಮನೆಗೆ ಹೋದೆ.

ಆಮೇಲೆ ಎರಡು ವರ್ಷ ಆ ಹಾಡು ನಿಲ್ಲಲಿಲ್ಲ. ಸಂಜೆ ಕೆಲಸದಿಂದ ಬರುವಾಗ ಗ್ಲಾಸಿನಾಚೆ ಅಕ್ಕನ ಬಾಯಿ ಆಡುವುದು ಕಾಣುತ್ತಿತ್ತು. ದನಿ ಮಾತ್ರ ಕೇಳುತ್ತಿರಲಿಲ್ಲ. ನನ್ನ ಕೆಲಸ ಗಟ್ಟಿಯಾಗಿದೆ ಎಂದು ಹೆಮ್ಮೆಯೂ ಇತ್ತು... ಯಜಮಾನರು ತೀರಿಕೊಂಡ ಮೇಲೆ ಕಾರು ಮಾರಿ ಅಕ್ಕ ತಂಗಿಯ ಊರಿಗೆ ಹೋದರು. ನಾಲ್ಕು ತಿಂಗಳಲ್ಲಿ ಅವರೂ ತೀರಿಹೋದ ಸುದ್ದಿ ವಾಚ್‌ಮನ್ ಹೇಳಿದ. ಬಿಲ್ಡಿಂಗೂ ಈಗಿಲ್ಲ.

ಹೋದ ವಾರದ ಗಿರಾಕಿ ಕೆಲಸವಾದ ಮೇಲೆ ಕಾರು ತೆಗೆದುಕೊಂಡು ಹೋದರು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಸಮುದ್ರಕ್ಕೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಕೆಲಸದವಳು ಇರುತ್ತಿದ್ದದ್ದು ಒಂದು ಗಂಟೆ. ಅಡ್ಡ ನಿಂತ ಕಾರನ್ನು ಹಾರ್ನ್ ಹೊಡೆದು ತೆಗೆಸಬಹುದಿತ್ತು. ಆ ದಿನ ನನ್ನ ಜೇಬಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇತ್ತು.