ಟವೆಲ್ಲಿನ ಕೆಳಗೆ ಬಿಯರ್

ಬಿಯರ್ ಕುಡಿಯುವವರಿಗೆ ನನ್ನದು ಮೂರು ಮಾತು. ಸ್ಟೀಲ್ ಲೋಟದಲ್ಲಿ ಕುಡಿಯಬೇಡಿ, ಬಣ್ಣ ಕಾಣುವುದಿಲ್ಲ. ಐಸ್ ಹಾಕಬೇಡಿ, ನೀರು ಕುಡಿಯುವುದಿದ್ದರೆ ಮನೆಯಲ್ಲಿ ಗಡಿಗೆ ಇದೆ. ಮಿರ್ಚಿ ತಿಂದ ಬಾಯಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ತೀರ್ಪು ಕೊಡಬೇಡಿ. ನಾಲ್ಕನೆಯ ಮಾತೂ ಒಂದಿದೆ. ಅದನ್ನು ನಾನು ಕಲಿಯುವಷ್ಟರಲ್ಲಿ ಗೆಳೆಯನೊಬ್ಬ ಕೆಲಸ ಕಳೆದುಕೊಳ್ಳುವುದರಲ್ಲಿದ್ದ.

ನಾನು ಸಿಂಧನೂರಿನಲ್ಲಿ ಹಳೇ ಟ್ರ್ಯಾಕ್ಟರ್ ಕೊಂಡು ಮಾರುವವನು. ಅದಕ್ಕೂ ಮೊದಲು ಲಿಂಗಸೂಗೂರಿನ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದೆ, ಅದಕ್ಕೂ ಮೊದಲು ಅದೇ ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಮಾತಾಡುತ್ತಾರೆ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ನಾನು ಬದುಕಿನಲ್ಲಿ ಮೇಲೆ ಬಂದದ್ದು ಆ ಟವೆಲ್ಲಿನಿಂದಲೇ. ಎದುರಿನವನ ಬೆರಳು ಬೆವರಿದರೆ ಅವನಿಗೆ ಎತ್ತು ಬೇಕೇ ಬೇಕು ಎಂದು ಅರ್ಥ. ಟ್ರ್ಯಾಕ್ಟರಿಗೂ ಇದೇ ಲೆಕ್ಕ, ಟವೆಲ್ ಒಂದು ಇರುವುದಿಲ್ಲ ಅಷ್ಟೇ.

ಅಮಾವಾಸ್ಯೆಗೆ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲರು ಮೂಟೆ ಎತ್ತುವುದಿಲ್ಲ, ಅಕ್ಕಿ ಮಿಲ್ಲುಗಳೂ ಮುಚ್ಚಿರುತ್ತವೆ. ಆ ದಿನ ಮಧ್ಯಾಹ್ನ ನಾವು ನಾಲ್ವರು ದಢೇಸುಗೂರಿನ ಕಾಲುವೆ ಪಕ್ಕ, ಮಿಲ್ಲಿನ ಸಾವ್ಕಾರರ ಗದ್ದೆಯ ಶೆಡ್ಡಿನಲ್ಲಿ ಸೇರುತ್ತೇವೆ. ಮೊದಲನೆಯವರು ಸಾವ್ಕಾರರು. ಅಕ್ಕಿ ವ್ಯಾಪಾರಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ, ಅಲ್ಲೇ ತಯಾರಿಸಿ ಅಲ್ಲೇ ಮಾರುವ ಅಂಗಡಿಗಳಿಂದ ಬಗೆಬಗೆಯ ಬಿಯರನ್ನು ಬಾಟಲಿಯಲ್ಲಿ ಹಿಡಿಸಿಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಬಸ್ಸಿಗೆ ಹಾಕಿಸಿ ತರುತ್ತಾರೆ. ಎರಡನೆಯವರು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಮೂರನೆಯವನು ನಾನು. ನಾಲ್ಕನೆಯವನು ಲಿಂಗಸೂಗೂರಿನ ಕಡೆಯವನು, ನನ್ನ ಹಗ್ಗ ಹಿಡಿಯುವ ಕಾಲದ ದೋಸ್ತ. ಸಾವ್ಕಾರರ ಮಿಲ್ಲಿನಲ್ಲಿ ಭತ್ತದ ಸ್ಯಾಂಪಲ್ ನೋಡುವ ಕೆಲಸ ಅವನದು.

ಆ ಕೆಲಸ ಏನೆಂದು ಹೇಳಬೇಕು. ಭತ್ತದ ಗಾಡಿ ಗೇಟಿಗೆ ಬಂದಾಗ ಅವನು ಮೂಟೆಗೆ ಬಂಬು ಎಂಬ ಟೊಳ್ಳು ಸಲಾಕೆ ಚುಚ್ಚಿ ಒಂದು ಹಿಡಿ ತೆಗೆಯುತ್ತಾನೆ. ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಾನೆ. ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ಕೊನೆಗೆ ಹಿಡಿಯನ್ನು ಮೂಗಿಗೆ ಹಿಡಿಯುತ್ತಾನೆ. ರಾಶಿಯಲ್ಲಿ ಕಾವು ಹಿಡಿದು ಮುಗ್ಗಾದ ಭತ್ತ ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ, ಮೂಗಿಗೆ ಮಾತ್ರ ಸಿಗುತ್ತದೆ. ಯಂತ್ರ ಇಟ್ಟುಕೊಂಡ ಮಿಲ್ಲುಗಳಿವೆ, ಸಾವ್ಕಾರರಿಗೆ ಇವನ ಮೂಗಿನ ಮೇಲೆಯೇ ಭರವಸೆ. ಶೆಡ್ಡಿನಲ್ಲಿಯೂ ಮೊದಲ ಲೋಟ ಅವನಿಗೇ. "ಮೊದ್ಲ ಇವನ ಮೂಗು ಹೇಳ್ಲಿ, ಆಮ್ಯಾಲ ನಮ್ಮ ಬಾಯಿ" ಎನ್ನುವುದು ಸಾವ್ಕಾರರ ರೂಢಿ.

ಕಳೆದ ದೀಪಾವಳಿಯ ಹೊತ್ತಿಗೆ ಅವನಿಗೆ ಕೆಟ್ಟ ಜ್ವರ ಬಂದು ಹೋಯಿತು. ಆಮೇಲೆ ಒಂದು ದಿನ ನನ್ನ ಅಂಗಡಿಯ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ಹಿಂದೆ ಡೀಸೆಲ್ ಕ್ಯಾನು ಉರುಳಿ, ಡೀಸೆಲ್ ಹರಿದು ಅವನ ಚಪ್ಪಲಿಯ ಕೆಳಗೆ ಬಂದಿತ್ತು. ಅವನಿಗೆ ಖಬರೇ ಇಲ್ಲ, ಬೀಡಿ ಹಚ್ಚಲು ಕಡ್ಡಿ ತೆಗೆದ.

"ಲೇ, ಡೀಸೆಲ್ಲಿನ್ಯಾಗ ನಿಂತೀ! ವಾಸನಿ ಬರಾಕತ್ತಿಲ್ಲೇನು ನಿನಗ?"

ಅವನು ಕಡ್ಡಿಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿ ಪಕ್ಕಕ್ಕೆ ಸರಿದ. "ಜ್ವರ ಬಂದಾಗಿಂದ ಬರವಲ್ದು, ದೋಸ್ತ. ಮಲ್ಲಿಗಿ ಇಲ್ಲ, ಮಣ್ಣಿಲ್ಲ. ನಾಲಿಗಿಗೆ ಉಪ್ಪು, ಹುಳಿ, ಕಹಿ ತಿಳಿತೈತಿ, ಅಷ್ಟ. ಯಾರ ಮುಂದನೂ ಹೇಳಬ್ಯಾಡ. ಸಾವ್ಕಾರಗ ತಿಳಿದ್ರ ನನ್ನ ಕೆಲಸ ಹೋತು."

ಕೇಳಿದವರಿಗೆ ಸಲಹೆ ಕೊಡುವುದು ಎಲ್ಲರ ಕೈಲಾಗುತ್ತದೆ. ಕೇಳದವರಿಗೂ ಕೊಡುವುದು ನನ್ನ ಗುಣ. ಮುಂದಿನ ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಸಾವ್ಕಾರರು ಹೊಸ ಸರಕು ತಂದಿದ್ದರು. ಮೊದಲ ಲೋಟ ಇವನ ಕೈಗೆ ಬಂದಾಗ ಇವನು ಏನು ಹೇಳಿಯಾನು? ನಾನು ಅಲ್ಲೇ ಉಪಾಯ ಕಟ್ಟಿದೆ.

ಅಮಾವಾಸ್ಯೆಯ ದಿನ ಶೆಡ್ಡಿನಲ್ಲಿ ಕೂತ ಕೂಡಲೇ ಹೆಗಲ ಮೇಲಿನ ಟವೆಲ್ ಕೊಡವಿದೆ. "ಸಾವ್ಕಾರ್ರ, ಈ ಸಲ ದನದ ಸಂತಿ ಪದ್ಧತಿ. ಒಬ್ರು ಬಾಯಿ ಬಿಟ್ರ ಉಳಿದವ್ರು ಅದನ್ನ ಹಾಡ್ತಾರ. ಎಲ್ಲಾರೂ ಟವೆಲ್ಲಿನ ಕೆಳಗ ನನಗ ಬೆರಳು ಕೊಡ್ರಿ. ದಲಾಲಿ ನಾನ, ಮೊದಲ ಗುಟುಕು ನಂದು. ಎಲ್ಲಾರ ಬೆರಳು ಬಂದ ಮ್ಯಾಲ, ಹತ್ತಕ್ಕ ಎಷ್ಟು ಅಂಕ ಅಂತ ಅವರವರು ಹೇಳ್ರಿ."

ಮಾಸ್ತರರು ನಕ್ಕರು. "ನಲವತ್ತು ವರ್ಷದಾಗ ಪರೀಕ್ಷಾ ಹಿಂಗ ನಡದಿದ್ದ ನೋಡಿಲ್ಲ ನಾ. ಕಾಪಿ ಹೊಡಿಯಾಕ ಭಾಳ ಅನುಕೂಲ ಐತಿ."

ಅವರು ತಮಾಷೆಗೆ ಅಂದರು. ನಾನು ಕೇಳಿಸದವನಂತೆ ಲೋಟ ಜೋಡಿಸಿದೆ. ಸಾವ್ಕಾರರಿಗೆ ಮಾತ್ರ ಆಟ ಹಿಡಿಸಿತು, ಅವರ ತಂದೆ ಸಂತೆಗಳಲ್ಲಿ ಎತ್ತು ಕೊಂಡು ಬೆಳೆದವರು.

ದೋಸ್ತನ ಜೊತೆ ನಾನು ಮೊದಲೇ ಮಾತಾಡಿಕೊಂಡಿದ್ದೆ. ಟವೆಲ್ಲಿನ ಕೆಳಗೆ ಅವನು ನನಗೆ ಅಂಕ ಕೊಡುವುದಲ್ಲ, ನಾನು ಅವನಿಗೆ ಕೊಡುವುದು. ಐದೂ ಬೆರಳು ಒಟ್ಟಿಗೆ ಹಿಡಿದು ಆಮೇಲೆ ಮೂರು ಹಿಡಿದರೆ ಎಂಟು. ಅಂಗೈಗೆ ಉಗುರು ಒತ್ತಿದರೆ ಸರಕು ಕೆಟ್ಟಿದೆ. ಮೊದಲು ನಾನು ಕುಡಿಯುವುದು, ಲೋಟ ಕೆಳಗಿಡುವಾಗ ಬಾಯಿ ಒರೆಸಿಕೊಂಡಂತೆ ಮಾಡಿ ಅವನಿಗಷ್ಟೇ ಕೇಳುವಂತೆ ಒಂದೆರಡು ಮಾತು ತೇಲಿಬಿಡುವುದು, ಅವನು ಅದನ್ನೇ ತನ್ನದಾಗಿ ಹೇಳುವುದು.

ಮೊದಲನೆಯದು ಗೋಧಿ ಬಿಯರ್. ಮಸುಕು ಹಳದಿ, ಮೇಲೆ ದಪ್ಪ ನೊರೆ. ನನಗೆ ಎಲ್ಲಕ್ಕಿಂತ ಅದೇ ಇಷ್ಟ. ಕಳಿತ ಬಾಳೆಹಣ್ಣು ಇಟ್ಟ ಕೋಣೆಯಲ್ಲಿ ಲವಂಗ ಜಗಿದಂತೆ ಇರುತ್ತದೆ. ಬಿಸಿಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಎಂಟು ಕೊಟ್ಟೆ. ದೋಸ್ತ ಲೋಟ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಬಾಳಿಹಣ್ಣು ಮುಂದೈತಿ, ಲವಂಗ ಹಿಂದೈತಿ" ಎಂದ. ಸಾವ್ಕಾರರು ತಲೆದೂಗಿದರು.

ಎರಡನೆಯದು ಕಪ್ಪು, ಸ್ಟೌಟ್ ಅನ್ನುತ್ತಾರೆ. ಮಾಸ್ತರರು ಅದರ ಭಕ್ತರು. "ಜ್ವಾಳದ ರೊಟ್ಟಿ ಹಂಚಿನ ಮ್ಯಾಲ ಒಂದೀಟು ಹೊತ್ತಿರಬೇಕು, ಅದನ್ನ ಕಾಫಿಯಾಗ ಅದ್ದಿರಬೇಕು. ಹಂಗೈತಿ ನೋಡ್ರಿ ಇದು."

"ಹೊತ್ತಿದ ರೊಟ್ಟಿ ತಿನ್ನಾಕ ಇಷ್ಟು ದೂರ ಬರಬೇಕಾ ಮಾಸ್ತರ್ರ? ನಿಮ್ಮ ಮನ್ಯಾಗ ದಿನಾ ಸಿಗತೈತಲ್ಲ" ಎಂದರು ಸಾವ್ಕಾರರು.

"ಮನ್ಯಾಗ ಸಿಗೋದು ಪೂರಾ ಇದ್ದಿಲು ರೀ."

ಮೂರನೆಯದು ಸಾವ್ಕಾರರ ಆಯ್ಕೆ, ಕಡು ಕಹಿ, ನಿಂಬೆ ಎಲೆಯ ವಾಸನೆ. ಇದನ್ನು ಕುಡಿಯಲು ಮೂರು ಸಲ ಅಭ್ಯಾಸ ಬೇಕು ಎನ್ನುತ್ತಾರೆ ಅವರು. ಮೂರು ಸಲ ಅಭ್ಯಾಸ ಮಾಡಿದರೆ ಬೇವಿನ ಕಷಾಯವೂ ಹಿಡಿಸುತ್ತದೆ ಎನ್ನುತ್ತೇನೆ ನಾನು. ಆದರೆ ಡಬ್ಬಿ ಅವರದು, ಶೆಡ್ಡು ಅವರದು, ಆದ್ದರಿಂದ ಏಳು ಕೊಟ್ಟೆ. ದೋಸ್ತನೂ ಏಳೇ ಎಂದ. ಎಲ್ಲ ಸರಾಗ ನಡೆದಿತ್ತು, ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬಂದಿತ್ತು.

ನಾಲ್ಕನೆಯ ಬಾಟಲಿಯ ಬಿಯರಿಗೆ ನಸುಗೆಂಪು ಬಣ್ಣ. ಒಂದು ಗುಟುಕಿಗೆ ನನ್ನ ಹಲ್ಲು ಚುಳ್ ಎಂದವು. ಮೂರು ದಿನ ಮುಚ್ಚಿಟ್ಟ ಮಜ್ಜಿಗೆಯಂಥ ಹುಳಿ. ಸಂತೆಯವನ ಬುದ್ಧಿ ನನ್ನದು: ಸರಕಿನಲ್ಲಿ ಏನಾದರೂ ಬೇರೆ ಕಂಡರೆ ಅದು ಐಬು ಎಂದೇ ಎಣಿಸುತ್ತೇನೆ, ಮಾರುವವನು ಮುಚ್ಚಿಡುತ್ತಿದ್ದಾನೆ ಎಂದೇ ತಿಳಿಯುತ್ತೇನೆ. ಐಸ್ ಕರಗಿ, ಬಸ್ಸಿನ ಬಿಸಿಗೆ ಬಿಯರ್ ಕೆಟ್ಟಿದೆ ಎಂದುಕೊಂಡೆ. ಟವೆಲ್ಲಿನ ಕೆಳಗೆ ದೋಸ್ತನ ಅಂಗೈಗೆ ಉಗುರು ಒತ್ತಿದೆ. ಅವನು ಲೋಟ ಬಾಯಿಗಿಟ್ಟ. ಒಂದು ಗುಟುಕು ನುಂಗಿ ಇನ್ನೊಂದು ಗುಟುಕು ತಾನಾಗಿಯೇ ಎಳೆದುಕೊಂಡ. ನನ್ನ ಮುಖ ನೋಡಿದ. ನಾನು ಇನ್ನೂ ಜೋರಾಗಿ ಒತ್ತಿದೆ.

"ಸಾವ್ಕಾರ್ರ, ಇದು ಕೆಟ್ಟೈತ್ರಿ. ದಾರ್ಯಾಗ ಕಾದು ಹುಳಿ ಬಂದೈತಿ. ವಾಸನಿನ ಹೇಳಾಕತ್ತೈತಿ."

ಸಾವ್ಕಾರರು ಲೋಟ ಕೆಳಗಿಟ್ಟರು. "ಇದನ್ನ ಹುಳಿ ಮಾಡೇ ಮಾಡ್ತಾರಲ್ಲೋ. ಹೋದ ವರ್ಷ ಇದನ್ನ ಕುಡದು ನೇರಳಿಹಣ್ಣಿನ ವಾಸನಿ ಐತಿ ಅಂದಾವ ನೀನ. ಮಜ್ಜಿಗಿ ಬಿಯರು ಅಂತ ಹೆಸರಿಟ್ಟಾವನೂ ನೀನ. ಅರ್ಧ ಬಾಟ್ಲಿ ಒಬ್ಬನ ಮುಗಿಸಿದ್ದಿ. ಮಾಸ್ತರ್ರನ್ನ ಕೇಳು."

ಮಾಸ್ತರರು ಹೌದೆಂದು ತಲೆಯಾಡಿಸಿದರು. ಆ ಅಮಾವಾಸ್ಯೆಗೆ ನಾನು ಟ್ರ್ಯಾಕ್ಟರ್ ನೋಡಲು ಲಿಂಗಸೂಗೂರಿಗೆ ಹೋಗಿದ್ದೆ. ನನಗೆ ಈ ಸಂಗತಿ ಗೊತ್ತಿರಲಿಲ್ಲ, ದೋಸ್ತನೂ ಹೇಳಿರಲಿಲ್ಲ.

ಸಾವ್ಕಾರರು ನನ್ನ ತೊಡೆಯ ಮೇಲಿನ ಟವೆಲ್ಲನ್ನೇ ನೋಡಿದರು. "ತಗಿ ಅದನ್ನ."

ತೆಗೆದೆ. ನನ್ನ ಉಗುರು ಇನ್ನೂ ಅವನ ಅಂಗೈಯಲ್ಲಿತ್ತು. ಅಲ್ಲಿ ಕೆಂಪಗೆ ಗುರುತು ಬಿದ್ದಿತ್ತು.

ನಾನು ಏನೋ ತಮಾಷೆ ಎಂದು ಸಾವರಿಸಲು ಬಾಯಿ ತೆರೆದೆ. ದೋಸ್ತ ನನ್ನನ್ನು ತಡೆದ. "ಬ್ಯಾಡ, ನೀ ಸುಮ್ಮಕಿರು. ಸಾವ್ಕಾರ್ರ, ನನಗ ವಾಸನಿ ಬರಂಗಿಲ್ಲ. ದೀಪಾವಳಿ ಜ್ವರದಾಗಿಂದ."

ಸಾವ್ಕಾರರು ಬಿಯರಿನ ಮಾತು ಆಡಲಿಲ್ಲ.

"ಹಂಗಾದ್ರ ಇಷ್ಟು ದಿನ ಗೇಟಿನ್ಯಾಗ ಒಳಗ ಬಿಟ್ಟ ಭತ್ತ?"

"ಹಲ್ಲಿಗೆ ಸಿಗೋದನ್ನ ನಾನ ನೋಡೀನಿ. ಮೂಗಿನ ಕೆಲಸ ಸಂತೆಕಲ್ಲೂರಿನ ಅಕ್ಕ ಮಾಡ್ಯಾಳ." ಸಂತೆಕಲ್ಲೂರಿನ ಅಕ್ಕ ಎಂದರೆ ಮಿಲ್ಲಿನ ಗೋದಾಮಿನಲ್ಲಿ ಕಸ ಹೊಡೆಯುವವಳು, ದಿನವೂ ಶೇರ್ ಆಟೋದಲ್ಲಿ ಬಂದು ಹೋಗುತ್ತಾಳೆ. "ಪ್ರತಿ ಗಾಡಿದೂ ಒಂದು ಹಿಡಿ ಆಕಿ ಮುಂದ ಹಿಡದೀನಿ. ಅಕ್ಕಾ, ಮುಗ್ಗು ಐತೇನು ನೋಡು ಅಂತ ನಗಚಾಟಿಕಿ ಮಾಡಿದಂಗ ಕೇಳೀನಿ. ಆಕಿ ಹೂಂ ಅಂದ ಒಂದು ಗಾಡೀನೂ ಒಳಗ ಬಿಟ್ಟಿಲ್ರಿ."

ಸಾವ್ಕಾರರು ಬೆರಳು ಮಡಿಸಿ ಲೆಕ್ಕ ಹಾಕಿದರು. ಈ ಹಂಗಾಮಿನಲ್ಲಿ ಮಿಲ್ಲಿನಿಂದ ಹೋದ ಅಕ್ಕಿಯ ಬಗ್ಗೆ ಒಂದು ತಕರಾರೂ ಬಂದಿರಲಿಲ್ಲ, ಅದು ನನಗೂ ಗೊತ್ತಿತ್ತು. ನಾನು ಅದನ್ನು ಹೇಳಿ ವಕಾಲತ್ತು ಮಾಡಬಹುದಿತ್ತು. ಆ ದಿನದ ಮಟ್ಟಿಗೆ ನನ್ನ ವಕಾಲತ್ತು ಸಾಕಾಗಿತ್ತು.

"ಕಸ ಹೊಡಿಯಾಕಿಗೆ ಗೊತ್ತು, ಹಳೇ ಟ್ರ್ಯಾಕ್ಟರ್ ಮಾರಾವಗ ಗೊತ್ತು, ನನಗ ಗೊತ್ತಿಲ್ಲ" ಎಂದರು ಕೊನೆಗೆ. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆಕಿಗಾರ ತನ್ನ ಮೂಗು ಏನು ಕೆಲಸ ಮಾಡಾಕತ್ತೈತಿ ಅಂತ ಗೊತ್ತೈತೇನು?"

"ಇಲ್ರಿ."

"ನಾಳಿಂದ ಆಕಿನೂ ಗೇಟಿನ್ಯಾಗ ನಿಂದರ್ಲಿ. ನೀ ಕಡಿ, ಆಕಿ ಮೂಸ್ಲಿ. ಇಬ್ರೂ ಹೂಂ ಅಂದ್ರ ಗಾಡಿ ಒಳಗ. ಗೋದಾಮಿಗೆ ಬ್ಯಾರೆಯವ್ರನ್ನ ನೋಡೋಣ." ನನ್ನ ಕಡೆ ತಿರುಗಿದರು. "ನೀ ಮಾತ್ರ ಇನ್ನ ಮ್ಯಾಲ ಟವೆಲ್ ಮನ್ಯಾಗ ಇಟ್ಟು ಬಾ."

ಮಾಸ್ತರರು ಉಳಿದ ಹುಳಿ ಬಿಯರನ್ನು ದೋಸ್ತನ ಲೋಟಕ್ಕೆ ಬಗ್ಗಿಸಿದರು. ಅವನು ಅದನ್ನು ನಿಧಾನಕ್ಕೆ ಪೂರಾ ಕುಡಿದ.

ವಾಪಸ್ ಬರುವಾಗ ದೋಸ್ತ ನನ್ನ ಬೈಕಿನ ಹಿಂದೆ ಕೂತಿದ್ದ. ಸಾಲಗುಂದ ದಾಟಿದ ಮೇಲೆ ಹೇಳಿದ: "ಬಾಯಿಗೆ ಹಾಕಿದ ಕೂಡ್ಲೆ ತಿಳೀತು ಲೇ. ಆ ಹುಳಿ ನಾಲಿಗಿಗೆ ನೆಪ್ಪೈತಿ. ಇದು ಹೋದ ವರ್ಷದ್ದು, ಚಲೋದು ಅಂತ ನಾಲಿಗಿ ಅಂತಿತ್ತು. ನಿನ್ನ ಉಗುರು ನೋಡಿದ್ರ, ಕೆಟ್ಟೈತಿ ಅಂತು. ನಿನ್ನ ಮಾತು ಕೇಳಿದೆ."

ನಾಲ್ಕನೆಯ ಮಾತು ಇದೇ. ಎತ್ತಿನ ಬೆಲೆಯನ್ನು ಬೇರೆಯವನ ಕೈಗೆ ಒತ್ತಿ ಹೇಳಬಹುದು. ರುಚಿಯನ್ನು ಹಾಗೆ ದಾಟಿಸಲು ಹೋಗಬೇಡಿ, ಅವನು ನಿಮ್ಮ ಗೆಳೆಯನಾಗಿದ್ದರಂತೂ ಬೇಡವೇ ಬೇಡ.

ಈಗ ಶೆಡ್ಡಿನಲ್ಲಿ ಅಂಕಗಳನ್ನು ಬಾಯಿಬಿಟ್ಟೇ ಹೇಳುತ್ತೇವೆ. ಹುಳಿಯದಕ್ಕೆ ದೋಸ್ತ ಒಂಬತ್ತು ಎನ್ನುತ್ತಾನೆ, ನಾನು ನಾಲ್ಕು. ಗೋಧಿ ಬಿಯರು ಈಗ ಅವನಿಗೆ ಸಪ್ಪೆ ನೀರು. ಕಪ್ಪು ಬಿಯರು ನಾಲಿಗೆಯ ಮೇಲೆ ಎಷ್ಟು ಭಾರ ಕೂರುತ್ತದೆ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವನು ಹೇಳುವುದನ್ನು ಮಾಸ್ತರರು ಗಮನವಿಟ್ಟು ಕೇಳುತ್ತಾರೆ.

ಮೊನ್ನೆ ಒಬ್ಬ ರೈತ ಹಳೇ ಟ್ರ್ಯಾಕ್ಟರಿನ ಬದಲಿಗೆ ನನಗೆ ಒಂದು ಗಾಡಿ ಭತ್ತ ಕೊಟ್ಟ. ನೋಡಲು ಬಂಗಾರದ ಬಣ್ಣ. ನೇರ ಸಾವ್ಕಾರರ ಮಿಲ್ಲಿಗೆ ಹೊಡೆಸಿದೆ. ಗೇಟಿನಲ್ಲಿ ಇಬ್ಬರೂ ಇದ್ದರು. ಅಕ್ಕ ಒಂದು ಹಿಡಿ ಮೂಗಿಗೆ ಹಿಡಿದು, ಮುಖ ಹಿಂದೆಳೆದುಕೊಂಡು, ಕಾಳನ್ನು ಮೂಟೆಗೆ ವಾಪಸ್ ಸುರಿದಳು.

"ಅಕ್ಕಾ, ಇನ್ನೊಂದ್ಸಲ ಮೂಸಿ ನೋಡು. ಚೀಲದ ವಾಸನಿ ಇದ್ದೀತು."

"ಚೀಲದ್ದು ಬ್ಯಾರೆ, ಇದು ಬ್ಯಾರೆ ಅಣ್ಣಾ. ನಾಕು ದಿನ ರಾಶ್ಯಾಗ ಕಾವು ಹಿಡದೈತಿ ಇದು."

ನಾನು ದೋಸ್ತನ ಕಡೆ ನೋಡಿದೆ. ಅವನು ಒಂದು ಕಾಳು ಕಡಿದ. ಕಟ್ ಎಂದು ನನಗೂ ಕೇಳಿಸಿತು.

"ಒಣಗೇನೋ ಐತಿ, ದೋಸ್ತ" ಎಂದ. "ಆದ್ರ ಅಕ್ಕ ಬ್ಯಾಡಂತಾಳ."

ಡ್ರೈವರನಿಗೆ ಗಾಡಿ ತಿರುಗಿಸಲು ಹೇಳಿದೆ.